ದೂರು ಬರೆದುಕೊಳ್ಳುವವರಿದ್ದಾರೆ, ವರದಿ ಓದುವ ಸದನವಿಲ್ಲ: ಪ್ಯಾಲೆಸ್ಟೀನಿನ ಮಾನವ ಹಕ್ಕು ಆಯೋಗದ ಸೇವೆ ಹೇಗಿದೆ?

ಶಿವಮೊಗ್ಗದ ಕೋರ್ಟ್ ಆವರಣದಲ್ಲಾಗಲಿ, ಸಾಗರ, ಹೊಸನಗರ ಕಡೆಯ ಭೂಮಿ ಹಕ್ಕಿನ ಸಭೆಗಳಲ್ಲಾಗಲಿ ಪ್ಯಾಲೆಸ್ಟೀನಿನ ಮಾತು ಬಂತೆಂದರೆ ಯುದ್ಧ, ಗಡಿ, ವಿಶ್ವಸಂಸ್ಥೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ರಾಮಲ್ಲಾದಲ್ಲೋ ನಾಬ್ಲುಸಿನಲ್ಲೋ ಒಬ್ಬ ಹುಡುಗನನ್ನು ಅವನದೇ ನಾಡಿನ ಪೊಲೀಸರು ರಾತ್ರಿ ಎತ್ತಿಕೊಂಡು ಹೋದರೆ ಅವನ ತಾಯಿ ಬೆಳಿಗ್ಗೆ ಯಾವ ಬಾಗಿಲಿಗೆ ಹೋಗಬೇಕು ಎಂದು ಕೇಳುವವರು ಕಡಿಮೆ. ಆ ಬಾಗಿಲು ಇದೆ. ಸ್ವತಂತ್ರ ಮಾನವ ಹಕ್ಕು ಆಯೋಗ ಎಂದು ಅದರ ಹೆಸರು. ಅದರ ದೂರು ಸೇವೆ ಏನನ್ನು ಸ್ವೀಕರಿಸುತ್ತದೆ, ಹೇಗೆ ನಡೆಸುತ್ತದೆ, ಎಲ್ಲಿ ಕೈ ಸೋಲುತ್ತದೆ, ಯಾಕೆ ಸೋಲುತ್ತದೆ ಎಂಬುದರ ವಿಮರ್ಶೆ ಇದು. ನಮ್ಮಲ್ಲಿ ಆಯೋಗಗಳಿಗೆ ಅರ್ಜಿ ಬರೆದು ಅಭ್ಯಾಸವಿರುವ ವಕೀಲರು, ಕಾರ್ಯಕರ್ತರು, ಕಾನೂನು ಓದುತ್ತಿರುವವರಿಗಾಗಿ ಬರೆದದ್ದು.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ದೂರು ಬರೆದುಕೊಳ್ಳುವ ಮೇಜಿನ ಕೆಲಸ ಅಚ್ಚುಕಟ್ಟಾಗಿದೆ, ಧೈರ್ಯದ್ದೂ ಹೌದು. ಆದರೆ ಆಯೋಗ ತನ್ನ ವರದಿಯನ್ನು ಯಾವ ಶಾಸನ ಸಭೆಗೆ ಒಪ್ಪಿಸಬೇಕೋ ಆ ಸಭೆ 2007ರಿಂದ ಸರಿಯಾಗಿ ಕೂತಿಲ್ಲ, 2018ರಲ್ಲಿ ವಿಸರ್ಜನೆಯೂ ಆಯಿತು. ಸೇವೆಯ ಮುಕ್ಕಾಲು ಪಾಲು ಕೊರತೆಗಳ ಬೇರು ಅಲ್ಲಿದೆ.

ಮೊದಲು ಮೇಜಿನಿಂದಲೇ ಶುರು ಮಾಡೋಣ. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಚೇರಿಗೆ ಹೋಗಿ ಹೇಳಬಹುದು, ಫೋನಿನಲ್ಲಿ ಹೇಳಬಹುದು, ಬರೆದೂ ಕಳಿಸಬಹುದು. ನೊಂದವರೇ ಬರಬೇಕೆಂದಿಲ್ಲ, ಬಂಧನದಲ್ಲಿರುವವನ ಪರವಾಗಿ ಮನೆಯವರು ಬಂದರೂ ನಡೆಯುತ್ತದೆ. ಕೇಂದ್ರ ಕಚೇರಿ ರಾಮಲ್ಲಾದಲ್ಲಿ. ಹೆಬ್ರಾನ್, ನಾಬ್ಲುಸ್, ಗಾಜಾ ಮುಂತಾದ ಕಡೆ ಪ್ರಾದೇಶಿಕ ಕಚೇರಿಗಳನ್ನು ತೆರೆದು ಕೆಲಸ ಕಟ್ಟಿದ್ದಾರೆ. ಈ ಪ್ರಾದೇಶಿಕ ಕಚೇರಿಗಳ ಬೆಲೆ ಏನೆಂದು ತಿಳಿಯಲು ನಕ್ಷೆ ನೋಡಬೇಕು. ಹೆಬ್ರಾನಿನಿಂದ ರಾಮಲ್ಲಾ ನಕ್ಷೆಯಲ್ಲಿ ಹತ್ತಿರ. ಆದರೆ ನಡುವೆ ಜೆರುಸಲೇಮ್ ಇದೆ, ಪಶ್ಚಿಮ ದಂಡೆಯ ಗುರುತಿನ ಚೀಟಿ ಇರುವವರು ಪರವಾನಗಿ ಇಲ್ಲದೆ ಅದರೊಳಗೆ ಹಾಯುವಂತಿಲ್ಲ. ಸುತ್ತಿ ವಾದಿ ಅಲ್ ನಾರ್ ಎಂಬ ಕಣಿವೆ ದಾರಿ ಹಿಡಿಯಬೇಕು. ಆಗುಂಬೆ ಘಾಟಿ ಇಳಿದವರಿಗೆ ಅಂಥ ತಿರುವುಗಳು ಹೊಸದಲ್ಲ. ಅಲ್ಲಿ ತಿರುವಿನ ಜೊತೆಗೆ ತಪಾಸಣೆ ಗೇಟೂ ಇರುತ್ತದೆ, ಅದು ತೆರೆದಿದೆಯೋ ಮುಚ್ಚಿದೆಯೋ ಹೊರಡುವಾಗ ಗೊತ್ತಿರುವುದಿಲ್ಲ. ನಮ್ಮ ರಾಜ್ಯ ಆಯೋಗ ಶಿವಮೊಗ್ಗದಿಂದ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನಲ್ಲಿದೆ. ಅಷ್ಟು ದೂರಕ್ಕೇ ಎಷ್ಟು ಅರ್ಜಿಗಳು ಮನೆಯಲ್ಲೇ ಉಳಿಯುತ್ತವೆ ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತು. ಕಚೇರಿಯನ್ನೇ ಜನರ ಹತ್ತಿರ ಒಯ್ದಿರುವ ಈ ಏರ್ಪಾಡು ನಮಗೂ ಬೇಕು.

ದೂರು ಯಾರ ಮೇಲೆ ಎಂಬುದು ಮೊದಲ ಶೋಧನೆ. ಪ್ಯಾಲೆಸ್ಟೀನ್ ಆಡಳಿತದ ಪೊಲೀಸರು, ಗುಪ್ತಚರ ವಿಭಾಗಗಳು, ಜೈಲು, ಸಚಿವಾಲಯ, ಜಿಲ್ಲೆಯ ಆಡಳಿತ ನೋಡುವ ಗವರ್ನರ್ ಇವರ ಮೇಲಾದರೆ ಆಯೋಗದ ವ್ಯಾಪ್ತಿಗೆ ಬರುತ್ತದೆ. ನೆರೆಮನೆಯ ಬೇಲಿ ತಕರಾರು, ಅಣ್ಣತಮ್ಮಂದಿರ ಪಾಲು ಬರುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ವ್ಯಾಜ್ಯದ ಒಳಗೆ ಆಯೋಗ ಕೈ ಹಾಕುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯುತ್ತಿಲ್ಲ ಎಂಬ ದೂರು ಬೇರೆ. ಇಲ್ಲಿಯವರೆಗೆ ನಮ್ಮ ಆಯೋಗದ ನಿಯಮಗಳಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಅರ್ಜಿ ಎಡವುವ ಜಾಗ ಮಾತ್ರ ಅಲ್ಲಿಯದೇ ವಿಶೇಷ. ನಮ್ಮಲ್ಲಿ ‘ಪೊಲೀಸರು ಹೊಡೆದರು’ ಎಂದರೆ ಠಾಣೆಯ ಹೆಸರು ಬರೆದರೆ ಸಾಕು. ಅಲ್ಲಿ ಹಿಡಿಯುವ ಅಧಿಕಾರ ಚಲಾಯಿಸುವ ವಿಭಾಗಗಳು ಹಲವು: ನಾಗರಿಕ ಪೊಲೀಸ್, ‘ವಿಕಾಯಿ’ ಎಂದು ಕರೆಯುವ ಮುನ್ನೆಚ್ಚರಿಕೆ ಭದ್ರತಾ ದಳ, ‘ಮುಖಾಬರಾತ್’ ಎಂಬ ಸಾಮಾನ್ಯ ಗುಪ್ತಚರ ಇಲಾಖೆ, ಇದಲ್ಲದೆ ಸೇನಾ ಗುಪ್ತಚರ ವಿಭಾಗ. ಬಂದವರು ಸಮವಸ್ತ್ರದಲ್ಲಿಲ್ಲದಿದ್ದರೆ ಯಾರು ಒಯ್ದರೆಂದು ಮನೆಯವರಿಗೆ ತಿಳಿಯುವುದಿಲ್ಲ. ತಪ್ಪು ವಿಭಾಗದ ಹೆಸರು ಬರೆದರೆ ಆಯೋಗದ ಪತ್ರ ಅಲ್ಲಿಗೆ ಹೋಗಿ ‘ನಮ್ಮ ವಶದಲ್ಲಿಲ್ಲ’ ಎಂಬ ಉತ್ತರದೊಂದಿಗೆ ಹಿಂದಿರುಗುತ್ತದೆ, ಹೊಡೆತದ ಗುರುತು ದೇಹದ ಮೇಲೆ ಇರುವ ಮೊದಲ ದಿನಗಳು ಅಷ್ಟರಲ್ಲಿ ಕಳೆದಿರುತ್ತವೆ. ಆದ್ದರಿಂದ ದೂರು ಕೊಡುವವರು ನೆನಪಿಟ್ಟು ಹೇಳಬೇಕಾದ್ದು ಇಷ್ಟು: ಬಂದ ಗಂಟೆ, ವಾಹನದ ಬಣ್ಣ ಮತ್ತು ನಂಬರು, ಕಾಗದ ತೋರಿಸಿದರೋ ಇಲ್ಲವೋ, ತೋರಿಸಿದ್ದರೆ ಅದರ ಮೇಲೆ ಪ್ರಾಸಿಕ್ಯೂಟರ್ ಸಹಿಯಿತ್ತೋ ಗವರ್ನರ್ ಸಹಿಯಿತ್ತೋ.

ಆ ಕೊನೆಯ ವಿವರದಲ್ಲೇ ಎಲ್ಲ ಇದೆ, ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಪ್ರಾಸಿಕ್ಯೂಟರ್ ಸಹಿಯಿದ್ದರೆ 2001ರ 3ನೇ ನಂಬರಿನ ದಂಡ ಪ್ರಕ್ರಿಯಾ ಕಾನೂನು ಅನ್ವಯಿಸುತ್ತದೆ. ಹಿಡಿದವನನ್ನು 24 ಗಂಟೆಯೊಳಗೆ ಪ್ರಾಸಿಕ್ಯೂಟರ್ ಮುಂದೆ ತರಬೇಕು. ಪ್ರಾಸಿಕ್ಯೂಟರ್ 48 ಗಂಟೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿಗೆ ಬೇಕಾದರೆ ಮ್ಯಾಜಿಸ್ಟ್ರೇಟ್ ಕೋರ್ಟು ಒಂದು ಸಲಕ್ಕೆ 15 ದಿನ, ಒಟ್ಟು 45 ದಿನದವರೆಗೆ ಕೊಡಬಹುದು. ಅದರ ಮೇಲೆ ಇನ್ನೂ ಮೇಲಿನ ಕೋರ್ಟು, ಏನೇ ಆದರೂ ವಿಚಾರಣೆಗೆ ಮುಂಚಿನ ಬಂಧನ 6 ತಿಂಗಳು ಮೀರಬಾರದು. ಕಾಗದದ ಮೇಲೆ ಇದು ಒಳ್ಳೆಯ ಕಾನೂನು. ಗವರ್ನರ್ ಸಹಿಯಿದ್ದರೆ ಈ ಗಡಿಯಾರ ಓಡುವುದೇ ಇಲ್ಲ. ‘ಅಲಾ ಧಿಮ್ಮತ್ ಅಲ್ ಮುಹಾಫಿಜ್’ ಎನ್ನುತ್ತಾರೆ, ಗವರ್ನರ್ ಲೆಕ್ಕದಲ್ಲಿ ಒಳಗಿದ್ದಾನೆ ಎಂದರ್ಥ. ಇದಕ್ಕೆ ಆಧಾರ ಜೋರ್ಡಾನ್ ಆಳ್ವಿಕೆ ಕಾಲದ 1954ರ 7ನೇ ನಂಬರಿನ ಅಪರಾಧ ತಡೆ ಕಾನೂನು. ಶಾಂತಿಗೆ ಭಂಗ ತಂದಾನು ಎಂಬ ಅನುಮಾನವಿರುವ ಮನುಷ್ಯನನ್ನು ಕರೆಸು, ಜಾಮೀನುದಾರರನ್ನು ಕೇಳು, ಕೊಡದಿದ್ದರೆ ಒಳಗಿಡು ಎನ್ನುವ ಕಾನೂನದು.

ಮಲೆನಾಡಿನವರಿಗೆ ಇದು ಅಪರಿಚಿತವಲ್ಲ. ಚುನಾವಣೆ ಅಥವಾ ಗಣಪತಿ ಹಬ್ಬದ ಮುಂಚೆ ತಹಶೀಲ್ದಾರ್ ಕಚೇರಿಯಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುವುದನ್ನು ನೋಡದವರು ಯಾರು? ಹಿಂದೆ ಸಿಆರ್‌ಪಿಸಿ 107 ಮತ್ತು 110, ಈಗ ನಾಗರಿಕ ಸುರಕ್ಷಾ ಸಂಹಿತೆಯ 126 ಮತ್ತು 129. ಮುಚ್ಚಳಿಕೆ ಕೊಡದಿದ್ದರೆ ಜೈಲಿಗೆ ಕಳಿಸುವ ಕಲಂ 141. ಎರಡೂ ಒಂದೇ ಜಾತಿಯ ಕಾನೂನು, ನ್ಯಾಯಾಧೀಶರ ಕೆಲಸವನ್ನು ಆಡಳಿತಾಧಿಕಾರಿಯ ಕೈಗೆ ಕೊಡುವಂಥದು. ವ್ಯತ್ಯಾಸ ಮೇಲ್ಮನವಿಯಲ್ಲಿದೆ. ನಮ್ಮಲ್ಲಿ ತಹಶೀಲ್ದಾರರ ಆದೇಶದ ಮೇಲೆ ಸೆಷನ್ಸ್ ಕೋರ್ಟಿಗೆ ಹೋದರೆ, ಹೈಕೋರ್ಟಿಗೆ ಹೋದರೆ, ಬಿಡುಗಡೆ ಆದೇಶ ಜೈಲಿನ ಬಾಗಿಲಿಗೆ ಮುಟ್ಟಿದ ಮೇಲೆ ಬಾಗಿಲು ತೆರೆಯುತ್ತದೆ. ಅಲ್ಲಿ ಕೋರ್ಟು ಬಿಡಿ ಎಂದ ಮೇಲೂ ಬಿಡದ, ಅಥವಾ ಬಿಟ್ಟ ಹಾಗೆ ಮಾಡಿ ಇನ್ನೊಂದು ವಿಭಾಗ ಹಿಡಿದುಕೊಳ್ಳುವ ದೂರುಗಳು ಆಯೋಗದ ವರದಿಗಳಲ್ಲಿ ವರ್ಷವರ್ಷವೂ ಬರುತ್ತವೆ. ಪ್ಯಾಲೆಸ್ಟೀನಿನಲ್ಲಿ ಸಂವಿಧಾನದ ಜಾಗದಲ್ಲಿರುವ ಮೂಲ ಕಾನೂನಿನ 106ನೇ ಕಲಂ ಪ್ರಕಾರ ತೀರ್ಪು ಜಾರಿ ಮಾಡದಿರುವುದೇ ಅಪರಾಧ. ಸರ್ಕಾರಿ ನೌಕರನಾದರೆ ಜೈಲೂ ಉಂಟು, ಕೆಲಸವೂ ಹೋಗುತ್ತದೆ. ಇಷ್ಟು ನಿಚ್ಚಳವಾಗಿ ನಮ್ಮ ಸಂವಿಧಾನದಲ್ಲೂ ಬರೆದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಇಲ್ಲೇ ಸೇರಿಸಬೇಕು. ಅರೇಬಿಕ್ ಗೊತ್ತಿಲ್ಲವೆಂದು ಯಾರೂ ಹಿಂಜರಿಯಬೇಕಿಲ್ಲ. ಹಕ್ಕು, ವಕೀಲ, ಹುಕುಂ, ದಾವೆ, ಮಹಜರು, ಜಾಮೀನು, ಕಾನೂನು, ಕರಾರು: ನಮ್ಮ ಕಚೇರಿ ಕನ್ನಡದ ಈ ಮಾತುಗಳ ತವರು ಆ ಕಡೆಯೇ. ಅವರ ಕೋರ್ಟಿನಲ್ಲೂ ಇವೇ ಮಾತುಗಳು ಸ್ವಲ್ಪ ಬೇರೆ ಉಚ್ಚಾರದಲ್ಲಿ ಓಡಾಡುತ್ತವೆ. ಅಧ್ಯಕ್ಷರು ಹೊರಡಿಸುವ ಸುಗ್ರೀವಾಜ್ಞೆಗೆ ಅಲ್ಲಿ ‘ಕರಾರ್ ಬಿ ಕಾನೂನ್’ ಎಂದೇ ಹೆಸರು. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯೋಗದ ಹುಟ್ಟು ಗಮನಿಸಬೇಕಾದ್ದು. ಭಾರತದಲ್ಲಿ ಮಾನವ ಹಕ್ಕು ಸಂರಕ್ಷಣಾ ಸುಗ್ರೀವಾಜ್ಞೆ ಬಂದದ್ದು 1993ರ ಸೆಪ್ಟೆಂಬರ್ 28ರಂದು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಾಯಕ ಯಾಸಿರ್ ಅರಾಫತ್ ತಮ್ಮ ಆಯೋಗಕ್ಕೆ ಆಜ್ಞೆ ಹೊರಡಿಸಿದ್ದು ಎರಡೇ ದಿನದ ಮೇಲೆ, ಸೆಪ್ಟೆಂಬರ್ 30ರಂದು. ಇಸ್ರೇಲ್ ಜೊತೆಗಿನ ಓಸ್ಲೋ ಒಪ್ಪಂದಕ್ಕೆ ಸಹಿ ಬಿದ್ದು ಆಗ ಮೂರು ವಾರವೂ ಆಗಿರಲಿಲ್ಲ, ಪ್ಯಾಲೆಸ್ಟೀನ್ ಆಡಳಿತ ಎಂಬುದೇ ಇನ್ನೂ ಶುರುವಾಗಿರಲಿಲ್ಲ. ನಮ್ಮ ಸುಗ್ರೀವಾಜ್ಞೆಯ ಜಾಗಕ್ಕೆ 1994ರ ಜನವರಿ ಹೊತ್ತಿಗೆ ಸಂಸತ್ತಿನ ಕಾಯ್ದೆ ಬಂತು. ಅವರ ಆಜ್ಞೆ ಆಜ್ಞೆಯಾಗಿಯೇ ಉಳಿಯಿತು. ಮೂಲ ಕಾನೂನಿನ 31ನೇ ಕಲಂ ಆಯೋಗವನ್ನು ಹೆಸರಿಸುತ್ತದೆ. ಅದರ ರಚನೆ, ಕೆಲಸ, ಅಧಿಕಾರವ್ಯಾಪ್ತಿಯನ್ನು ಕಾನೂನು ಮಾಡಿ ನಿಗದಿಪಡಿಸಬೇಕು, ಆಯೋಗ ತನ್ನ ವರದಿಗಳನ್ನು ಅಧ್ಯಕ್ಷರಿಗೂ ಶಾಸನ ಸಭೆಗೂ ಒಪ್ಪಿಸಬೇಕು ಎನ್ನುತ್ತದೆ. ಶಾಸನ ಸಭೆ ಆ ಕಾನೂನನ್ನು ಮಾಡಿ ಮುಗಿಸಲೇ ಇಲ್ಲ.

ಬಗರ್‌ಹುಕುಂ ಸಾಗುವಳಿ ಮಾಡಿದವರಿಗೆ ಇದರ ಅರ್ಥ ಯಾರೂ ವಿವರಿಸಬೇಕಾಗಿಲ್ಲ. ಸಾಗುವಳಿ ಚೀಟಿ ಕೈಗೆ ಬಂದಿದೆ, ಪೋಡಿ ದುರಸ್ತಿ ಆಗಿಲ್ಲ, ಪಹಣಿಯಲ್ಲಿ ಹೆಸರು ಏರಿಲ್ಲ. ಗದ್ದೆ ಉಳುತ್ತಿದ್ದೇವೆ, ಬೆಳೆ ತೆಗೆಯುತ್ತಿದ್ದೇವೆ. ಆದರೆ ಅಳತೆ, ಎಲ್ಲೆ, ಚೆಕ್ಕುಬಂದಿ ಯಾವುದೂ ದಾಖಲೆಯಲ್ಲಿ ಕೂತಿಲ್ಲ. ಆಯೋಗದ ಸ್ಥಿತಿ ಇದೇ. ಸಾಕ್ಷಿಗೆ ಸಮನ್ಸ್ ಕಳಿಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ನಮ್ಮ ಆಯೋಗಗಳಿಗೆ ಮಾನವ ಹಕ್ಕು ಸಂರಕ್ಷಣಾ ಕಾಯ್ದೆಯ 13ನೇ ಕಲಮಿನಿಂದ ಬಂದಿದೆ. ಅವರಲ್ಲಿ ಪತ್ರ ಬರೆಯುವುದು, ಜೈಲಿಗೆ ಭೇಟಿ ಕೊಡುವುದು, ಮತ್ತೆ ಪತ್ರ ಬರೆಯುವುದು, ಕೊನೆಗೆ ಬಹಿರಂಗವಾಗಿ ಹೇಳುವುದು, ಹೀಗೆ ನಡೆಯುತ್ತದೆ. ಖರ್ಚಿಗೆ ಹೆಚ್ಚಾಗಿ ಹೊರದೇಶಗಳ ನೆರವೇ ಆಧಾರ.

ಇಷ್ಟಿದ್ದೂ ಆಯೋಗ ಅಳ್ಳೆದೆಯದಲ್ಲ. ಮೊದಲ ಮುಖ್ಯಸ್ಥೆ ಹನಾನ್ ಅಶ್ರಾವಿ. ಅವರ ನಂತರ ಬಂದವರು ಗಾಜಾದ ಮನೋವೈದ್ಯ ಇಯಾದ್ ಸರ್ರಾಜ್. ಅರಾಫತ್ ಆಡಳಿತದ ಬಂಧನಗಳನ್ನೂ ಹಿಂಸೆಯನ್ನೂ ಟೀಕಿಸಿದ್ದಕ್ಕೆ 1996ರಲ್ಲಿ ಅದೇ ಆಡಳಿತ ಅವರನ್ನು ಜೈಲಿಗೆ ಹಾಕಿತು. ದೂರು ಕೇಳುವ ಆಯೋಗದ ಮುಖ್ಯಸ್ಥನೇ ಕೈದಿಯಾದ ಆ ದಿನಗಳಿಂದ ಇಂದಿನವರೆಗೆ ಆಯೋಗ ಬಾಗಿಲು ಹಾಕಿಲ್ಲ. ಮಾನವ ಹಕ್ಕು ಆಯೋಗಗಳು ಹೇಗಿರಬೇಕೆಂದು ಹೇಳುವ, ವಿಶ್ವಸಂಸ್ಥೆ 1993ರಲ್ಲಿ ಒಪ್ಪಿದ ಪ್ಯಾರಿಸ್ ತತ್ವಗಳ ಅಳತೆಯಲ್ಲಿ ಇದಕ್ಕೆ ‘ಎ’ ದರ್ಜೆ ಸಿಕ್ಕಿದೆ. ಕಾಯ್ದೆಯ ಬೆಂಬಲವೇ ಇಲ್ಲದ ಸಂಸ್ಥೆಗೆ ಆ ದರ್ಜೆ ಸಿಗುವುದು ಸುಲಭದ ಮಾತಲ್ಲ.

ಈಗ ಸದನದ ವಿಷಯ. ಇದನ್ನು ಬಿಟ್ಟು ಆಯೋಗದ ಸೋಲು ಅರ್ಥವಾಗುವುದಿಲ್ಲ. ಮೂಲ ಕಾನೂನನ್ನು ಶಾಸನ ಸಭೆ 1997ರಲ್ಲೇ ಒಪ್ಪಿತ್ತು. ಅರಾಫತ್ ಸಹಿ ಮಾಡಿದ್ದು 2002ರ ಮೇ ತಿಂಗಳಲ್ಲಿ. 2003ರಲ್ಲಿ ಪ್ರಧಾನಿ ಹುದ್ದೆ ಸೇರಿಸಲು, 2005ರಲ್ಲಿ ಚುನಾವಣೆಯ ವಿಷಯಕ್ಕೆ ತಿದ್ದುಪಡಿಯಾಯಿತು. ಅಧ್ಯಕ್ಷರ ಅವಧಿ 36ನೇ ಕಲಂ ಪ್ರಕಾರ ನಾಲ್ಕು ವರ್ಷ. ಮಹಮೂದ್ ಅಬ್ಬಾಸ್ ಆಯ್ಕೆಯಾದದ್ದು 2005ರ ಜನವರಿ 9ರಂದು, ಅಂದರೆ 2009ರ ಜನವರಿಗೆ ಅವಧಿ ಮುಗಿಯಿತು. 2006ರ ಜನವರಿ 25ರ ಚುನಾವಣೆಯಲ್ಲಿ 132 ಸ್ಥಾನಗಳಲ್ಲಿ ಎದುರಾಳಿ ಹಮಾಸ್ 74, ಅಬ್ಬಾಸರ ಪಕ್ಷ ಫತಾ 45 ಗೆದ್ದವು. 2007ರ ಜೂನ್‌ನಲ್ಲಿ ಗಾಜಾ ಹಮಾಸ್ ಕೈಗೆ ಹೋಯಿತು, ಅಬ್ಬಾಸ್ ತುರ್ತು ಪರಿಸ್ಥಿತಿ ಸಾರಿದರು. ತುರ್ತು ಪರಿಸ್ಥಿತಿ 30 ದಿನಕ್ಕಿಂತ ಮುಂದುವರಿಯಬೇಕಾದರೆ ಸಭೆಯ ಮೂರನೇ ಎರಡು ಭಾಗ ಒಪ್ಪಬೇಕೆಂದು 110ನೇ ಕಲಂ ಹೇಳುತ್ತದೆ. ಆ ಸಭೆ ಸೇರಲೇ ಇಲ್ಲ. ಅಲ್ಲಿಂದ ಕಾನೂನುಗಳೆಲ್ಲ 43ನೇ ಕಲಮಿನ ಬಲದಿಂದ, ಕರಾರ್ ಬಿ ಕಾನೂನ್ ಆಗಿ ಬರತೊಡಗಿದವು. ನೂರಾರು ಬಂದಿವೆ.

43ನೇ ಕಲಮನ್ನು ನಮ್ಮ ಸಂವಿಧಾನದ 123 ಮತ್ತು 213ನೇ ವಿಧಿಗಳ ಪಕ್ಕ ಇಟ್ಟು ಓದಬೇಕು, ಆಗ ದೋಷ ಕಣ್ಣಿಗೆ ಬೀಳುತ್ತದೆ. ಎರಡೂ ಕಡೆ ಒಂದೇ ಷರತ್ತು: ಸದನ ನಡೆಯದಿರುವಾಗ, ತಡಮಾಡಲಾಗದ ಅಗತ್ಯವಿದ್ದಾಗ ಮಾತ್ರ. ಎರಡೂ ಕಡೆ ಸದನ ಸೇರಿದ ಕೂಡಲೇ ಮುಂದಿಡಬೇಕು. ನಮ್ಮಲ್ಲಿ ಸದನ ಸೇರಿ ಆರು ವಾರವಾದರೆ ಸುಗ್ರೀವಾಜ್ಞೆ ತಾನಾಗಿ ಬಿದ್ದುಹೋಗುತ್ತದೆ, ಅದಲ್ಲದೆ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರುವಂತಿಲ್ಲ ಎಂಬ ಇನ್ನೊಂದು ವಿಧಿ ಕಾವಲಿದೆ. ಸದನಕ್ಕೆ ತೋರಿಸದೆ ಅದನ್ನೇ ಮತ್ತೆಮತ್ತೆ ಹೊರಡಿಸುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದು ಬಿಹಾರದ ಡಿ.ಸಿ. ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅವರ 43ನೇ ಕಲಂ ‘ಮೊದಲ ಅಧಿವೇಶನ’ಕ್ಕೆ ಗಂಟು ಹಾಕಿದೆ. ಮೊದಲ ಅಧಿವೇಶನವೇ ನಡೆಯದಿದ್ದರೆ ಆಜ್ಞೆ ಬೀಳುವ ದಿನವೂ ಬರುವುದಿಲ್ಲ. ತಾತ್ಕಾಲಿಕಕ್ಕೆಂದು ಹಾಕಿದ ಕಾಲುಸಂಕದ ಮೇಲೆ ಇಡೀ ಊರು ವರ್ಷಗಟ್ಟಲೆ ದಾಟುತ್ತಿದ್ದರೆ ಹೇಗೋ ಹಾಗೆ. 2017ರಲ್ಲಿ ಬಂದು 2018ರಲ್ಲಿ ತಿದ್ದುಪಡಿಯಾದ ಸೈಬರ್ ಅಪರಾಧ ಆಜ್ಞೆ ಈ ದಾರಿಯಲ್ಲೇ ಬಂದದ್ದು. ಫೇಸ್‌ಬುಕ್‌ನಲ್ಲಿ ಸರ್ಕಾರವನ್ನು ಬೈದವರ ಮೇಲೆ ಪ್ರಯೋಗವಾಗುವ ಕಾನೂನುಗಳಲ್ಲಿ ಅದೂ ಒಂದು. ಜೊತೆಗೆ ಪಂಥ ಕಲಹ ಎಬ್ಬಿಸಿದ ಆರೋಪ ಹೊರಿಸಲು 1960ರ ಜೋರ್ಡಾನ್ ದಂಡ ಸಂಹಿತೆ ಕೈಯಲ್ಲೇ ಇದೆ.

ಸಂವಿಧಾನ ನ್ಯಾಯಾಲಯ 2016ರಲ್ಲಿ ಅಧ್ಯಕ್ಷರ ಆಜ್ಞೆಯಿಂದ ರಚನೆಯಾಯಿತು. 2018ರ ಡಿಸೆಂಬರ್‌ನಲ್ಲಿ ಅದು ಶಾಸನ ಸಭೆ ವಿಸರ್ಜನೆಯಾಗಿದೆ, ಆರು ತಿಂಗಳೊಳಗೆ ಚುನಾವಣೆ ಆಗಬೇಕು ಎಂದಿತು. ಸಭೆಯನ್ನು ವಿಸರ್ಜಿಸುವ ಅಧಿಕಾರವನ್ನು ಮೂಲ ಕಾನೂನು ಅಧ್ಯಕ್ಷರಿಗೆ ಕೊಟ್ಟಿಲ್ಲ. ಚುನಾವಣೆ ಆಗಲಿಲ್ಲ. 2021ರ ಮೇ 22ಕ್ಕೆ ಶಾಸನ ಸಭೆ, ಜುಲೈ 31ಕ್ಕೆ ಅಧ್ಯಕ್ಷ ಚುನಾವಣೆ ಎಂದು ದಿನಾಂಕ ಗೊತ್ತಾಗಿ, ಏಪ್ರಿಲ್ ಕೊನೆಯಲ್ಲಿ ಪೂರ್ವ ಜೆರುಸಲೇಮಿನ ಮತದಾನದ ಪ್ರಶ್ನೆ ಮುಂದಿಟ್ಟು ಅದೂ ಮುಂದೂಡಿತು. ನಮ್ಮ ಅಭಿಪ್ರಾಯ ಸ್ಪಷ್ಟ: ಪೂರ್ವ ಜೆರುಸಲೇಮಿನ ಜನರ ಮತದಾನಕ್ಕೆ ಇಸ್ರೇಲ್ ಅಡ್ಡಬರುವುದು ನಿಜವಾದ ತೊಡಕು. ಅದನ್ನೇ ಕಾರಣ ಮಾಡಿ ಇಡೀ ಜನತೆಯ ಮತವನ್ನು ಇಷ್ಟು ವರ್ಷ ಕಟ್ಟಿಡುವುದು ಅನ್ಯಾಯ.

ಆ ಮುಂದೂಡಿಕೆಯ ಎರಡು ತಿಂಗಳೊಳಗೆ ಆಯೋಗಕ್ಕೆ ತನ್ನ ಅತಿ ಕಠಿಣ ಪ್ರಕರಣ ಎದುರಾಯಿತು. ನಿಜಾರ್ ಬನಾತ್ ಆಡಳಿತದ ಬಹಿರಂಗ ಟೀಕಾಕಾರ, ಆ ಚುನಾವಣೆಗೆ ಅಭ್ಯರ್ಥಿಯೂ ಆಗಿದ್ದವರು. 2021ರ ಜೂನ್ 24ರ ನಸುಕಿನಲ್ಲಿ ಹೆಬ್ರಾನಿನ ಮನೆಯೊಂದಕ್ಕೆ ನುಗ್ಗಿದ ಭದ್ರತಾ ಸಿಬ್ಬಂದಿ ಅವರನ್ನು ಹೊಡೆದು ಒಯ್ದರು, ವಶದಲ್ಲೇ ಅವರು ತೀರಿಕೊಂಡರು. ಇಲ್ಲಿ ಆಯೋಗ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮರಣೋತ್ತರ ಪರೀಕ್ಷೆಯ ಮೇಜಿನ ಪಕ್ಕ ತನ್ನ ಕಡೆಯ ವೈದ್ಯರನ್ನು ನಿಲ್ಲಿಸಿತು. ತಲೆ, ಕುತ್ತಿಗೆ, ಎದೆ, ಕೈ, ಕಾಲುಗಳ ಮೇಲೆ ಹೊಡೆತಗಳ ಗುರುತಿವೆ, ಬಂಧನಕ್ಕೂ ಸಾವಿಗೂ ನಡುವೆ ಒಂದು ಗಂಟೆಯೂ ಇಲ್ಲ ಎಂದು ಆ ವೈದ್ಯರು ಹೇಳಿದರು. ಇದನ್ನು ಆಯೋಗ ಕೂಡಲೇ ಬಹಿರಂಗಪಡಿಸಿತು, ಅಸಹಜ ಸಾವು ಎಂದಿತು. ಕಸ್ಟಡಿ ಸಾವಿನ ಪ್ರಕರಣ ನಡೆಸಿದವರಿಗೆ ಇದರ ಬೆಲೆ ಗೊತ್ತು. ಹೆಣ ಮಣ್ಣಿಗೆ ಹೋದ ಮೇಲೆ ಉಳಿಯುವುದು ಕಾಗದ ಒಂದೇ. ಆ ಕಾಗದದಲ್ಲಿ ಪೊಲೀಸರ ಕಡೆಯ ವೈದ್ಯರ ಬರಹ ಮಾತ್ರ ಇದ್ದರೆ ಪ್ರಕರಣ ಅಲ್ಲೇ ಅರ್ಧ ಸತ್ತಂತೆ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತಿಳಿಸಬೇಕೆಂದು 1993ರ ಡಿಸೆಂಬರ್‌ನಲ್ಲೂ, ಮರಣೋತ್ತರ ಪರೀಕ್ಷೆಯ ವಿಡಿಯೊ ಆಗಬೇಕೆಂದು 1995ರಲ್ಲೂ ನಮ್ಮ ರಾಷ್ಟ್ರೀಯ ಆಯೋಗ ಬರೆದದ್ದು ಇದೇ ಕಾರಣಕ್ಕೆ. ಆದರೆ ಸ್ವತಂತ್ರ ವೈದ್ಯರನ್ನು ಗಂಟೆಗಳ ಲೆಕ್ಕದಲ್ಲಿ ಮೇಜಿನ ಪಕ್ಕ ನಿಲ್ಲಿಸುವ ತಯಾರಿ ಎಲ್ಲ ಆಯೋಗಗಳಿಗೂ ಇರುವುದಿಲ್ಲ. ಈ ಸೇವೆಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾವು ತೋರಿಸುವುದು ಇದನ್ನೇ.

ಮುಂದಿನದು ಅಷ್ಟೇ ನೋವಿನದು. 14 ಮಂದಿ ಸಿಬ್ಬಂದಿಯ ಮೇಲೆ ಆರೋಪ ಹೊರಿಸಲಾಯಿತು, ಆದರೆ ಸೇನಾ ನ್ಯಾಯಾಲಯದಲ್ಲಿ. ಸೇನಾ ನ್ಯಾಯಾಲಯಗಳು ಸೇನೆಯ ವ್ಯವಹಾರದಾಚೆ ಅಧಿಕಾರ ಚಲಾಯಿಸಬಾರದೆಂದು ಮೂಲ ಕಾನೂನಿನ 101ನೇ ಕಲಂ ಹೇಳುತ್ತದೆ. ಬನಾತ್ ನಾಗರಿಕ, ಸತ್ತದ್ದು ನಾಗರಿಕರ ಮನೆಯಿಂದ ಒಯ್ದ ಮೇಲೆ. 2022ರ ಜೂನ್‌ನಲ್ಲಿ ಆರೋಪಿಗಳನ್ನು ತಾತ್ಕಾಲಿಕವಾಗಿ ಬಿಟ್ಟರು. ಆದೇಶ ಕೊಟ್ಟ ಮೇಲಧಿಕಾರಿಗಳ ಹೆಸರು ಆರೋಪಪಟ್ಟಿಗೆ ಏರಲಿಲ್ಲ. ಸಚಿವರನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವ ಸದನ ಇದ್ದಿದ್ದರೆ ಆಯೋಗದ ವರದಿ ಅಲ್ಲಿ ಮಂಡನೆಯಾಗುತ್ತಿತ್ತು. ನಮ್ಮ ಕಾಯ್ದೆಯ 28ನೇ ಕಲಂ ರಾಜ್ಯ ಆಯೋಗದ ವರದಿಯನ್ನು, ಸರ್ಕಾರ ಯಾವ ಶಿಫಾರಸು ಒಪ್ಪಲಿಲ್ಲ, ಏಕೆ ಎಂಬ ವಿವರಣೆಯ ಸಮೇತ ವಿಧಾನಮಂಡಲದ ಮುಂದಿಡಬೇಕು ಎನ್ನುತ್ತದೆ. ನಮ್ಮ ಶಾಸಕರು ಅದನ್ನು ಎಷ್ಟು ಓದುತ್ತಾರೆ ಎಂಬುದನ್ನು ನಾವೇ ಕೇಳಬೇಕು, ಕೇಳಲು ಜಾಗವಾದರೂ ಇದೆ.

ಗಾಜಾದ ವಿಷಯ ಬೇರೆ. 2007ರ ಒಡಕಿನ ನಂತರ ಕೋರ್ಟು, ಪ್ರಾಸಿಕ್ಯೂಷನ್, ಪೊಲೀಸ್ ಎಲ್ಲ ಎರಡೆರಡಾದವು. ಒಡೆಯದೆ ಎರಡೂ ಕಡೆ ಒಂದೇ ಹೆಸರಿನಲ್ಲಿ ಕೆಲಸ ಮಾಡಿದ ಕೆಲವೇ ಸಂಸ್ಥೆಗಳಲ್ಲಿ ಈ ಆಯೋಗ ಒಂದು. ಅಲ್ಲಿ 1936ರ ಬ್ರಿಟಿಷ್ ಕಾಲದ ದಂಡ ಸಂಹಿತೆ ಇನ್ನೂ ನಡೆಯುತ್ತಿತ್ತು. ಅಧ್ಯಕ್ಷರ ಒಪ್ಪಿಗೆಯಿಲ್ಲದೆ ಮರಣದಂಡನೆ ಜಾರಿಯಾಗಬಾರದೆಂದು 109ನೇ ಕಲಂ ಹೇಳಿದ್ದರೂ ಹಮಾಸ್ ಆಡಳಿತ ಆ ಒಪ್ಪಿಗೆ ಪಡೆಯದೆಯೇ ಜನರನ್ನು ಗಲ್ಲಿಗೇರಿಸಿತು, ಆಯೋಗ ಅದನ್ನು ಖಂಡಿಸುತ್ತಲೇ ಬಂತು. 2023ರ ಅಕ್ಟೋಬರ್ ನಂತರದ ಯುದ್ಧದಲ್ಲಿ ಪತ್ರ, ಉತ್ತರ, ಜೈಲು ಭೇಟಿ ಎಂಬ ಈ ಇಡೀ ಕ್ರಮವನ್ನು ಅಲ್ಲಿ ಅಳೆಯುವುದು ನ್ಯಾಯವಲ್ಲ.

ಇಸ್ರೇಲಿ ಸೇನೆ ಹಿಡಿದವರ ವಿಷಯದಲ್ಲಿ ಈ ಸೇವೆಯಿಂದ ಹೆಚ್ಚು ನಿರೀಕ್ಷಿಸಬೇಡಿ. ಪಶ್ಚಿಮ ದಂಡೆಯ ಸುಮಾರು ಶೇಕಡ 60ರಷ್ಟು ‘ಸಿ’ ವಲಯ, ಅಲ್ಲಿ ಅಧಿಕಾರ ಇಸ್ರೇಲಿನದು. ಆ ದೌರ್ಜನ್ಯಗಳನ್ನು ದಾಖಲಿಸುವುದು ಹೆಚ್ಚಾಗಿ ಬೇರೆ ಸಂಸ್ಥೆಗಳ ಕೆಲಸ: ರಾಮಲ್ಲಾದಲ್ಲಿ 1979ರಿಂದ ಇರುವ ಅಲ್ ಹಕ್, ಕೈದಿಗಳ ಪರ ಅದ್ದಮೀರ್, ಗಾಜಾದ ಅಲ್ ಮೀಜಾನ್. ಇವು ಪ್ಯಾಲೆಸ್ಟೀನ್ ಆಡಳಿತವನ್ನೂ ಬಿಡುವುದಿಲ್ಲ. ಬನಾತ್ ಪ್ರಕರಣದಲ್ಲಿ ಅಲ್ ಹಕ್ ಕೂಡ ತನಿಖೆ ನಡೆಸಿತು. 2021ರ ಅಕ್ಟೋಬರ್‌ನಲ್ಲಿ ಅಲ್ ಹಕ್, ಅದ್ದಮೀರ್ ಸೇರಿ ಆರು ಸಂಸ್ಥೆಗಳನ್ನು ಇಸ್ರೇಲ್ ಭಯೋತ್ಪಾದಕ ಪಟ್ಟಿಗೆ ಸೇರಿಸಿತು, ಮುಂದಿನ ಆಗಸ್ಟಿನಲ್ಲಿ ಕಚೇರಿಗಳಿಗೆ ನುಗ್ಗಿ ಮುಚ್ಚಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ ಹಕ್, ಅಲ್ ಮೀಜಾನ್ ಮೇಲೆ ಅಮೆರಿಕ ನಿರ್ಬಂಧ ಹೇರಿತು. ತನ್ನ ಸರ್ಕಾರವನ್ನೂ ಪರಕೀಯ ಸೇನೆಯನ್ನೂ ಒಟ್ಟಿಗೆ ಪ್ರಶ್ನಿಸುವವರಿಗೆ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. ಅವರ ಬಗ್ಗೆ ನಮ್ಮ ಗೌರವ ದೊಡ್ಡದು.

ಶಿವಮೊಗ್ಗದಲ್ಲಿ ಕೂತು ಈ ಸೇವೆಯನ್ನು ಬಳಸುವುದೆಂದರೆ ಅದರ ವರದಿಗಳನ್ನು ಓದುವುದು. ವಾರ್ಷಿಕ ವರದಿ, ಮಾಸಿಕ ವರದಿಗಳು ಆಯೋಗದ ಜಾಲತಾಣದಲ್ಲಿ ಉಚಿತ, ಇಂಗ್ಲಿಷಿನಲ್ಲೂ ಸಿಗುತ್ತವೆ. ಓದುವಾಗ ಮೂರು ಸಂಗತಿ ಗಮನದಲ್ಲಿರಲಿ. ದೂರುಗಳ ಸಂಖ್ಯೆ ಏರಿದರೆ ಹಿಂಸೆ ಏರಿದೆ ಎಂದೇ ಅರ್ಥವಲ್ಲ, ಹೇಳಿಕೊಳ್ಳುವ ಧೈರ್ಯ ಏರಿರಬಹುದು. ಇಳಿದಾಗ ಭಯವನ್ನೂ ಲೆಕ್ಕ ಹಿಡಿಯಬೇಕು. ಪಶ್ಚಿಮ ದಂಡೆಯ ಅಂಕಿಯನ್ನೂ ಗಾಜಾದ ಅಂಕಿಯನ್ನೂ ಕೂಡಿಸಬೇಡಿ, ಎರಡೂ ಕಡೆಯ ಆಡಳಿತ ಬೇರೆ, ಕಾನೂನು ಬೇರೆ. ಹಿಂಸೆಯ ದೂರುಗಳನ್ನು ಎಣಿಸುವಾಗ ‘ದೂರು ಬಂದಿದೆ’ ಮತ್ತು ‘ಸಾಬೀತಾಗಿದೆ’ ಇವನ್ನು ಬೆರೆಸಬೇಡಿ.

ಮೂಲ ಕಾನೂನನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ, ಒಟ್ಟು 121 ಕಲಂ, ಒಂದು ಸಂಜೆಯ ಓದು. 37ನೇ ಕಲಂ ಪ್ರಕಾರ ಅಧ್ಯಕ್ಷ ಸ್ಥಾನ ತೆರವಾದರೆ ಶಾಸನ ಸಭೆಯ ಸ್ಪೀಕರ್ 60 ದಿನ ಮೀರದಂತೆ ಆ ಸ್ಥಾನದಲ್ಲಿದ್ದು ಚುನಾವಣೆ ನಡೆಸಬೇಕು. 120ನೇ ಕಲಂ ಪ್ರಕಾರ ತಿದ್ದುಪಡಿಗೆ ಸಭೆಯ ಮೂರನೇ ಎರಡು ಭಾಗ ಬೇಕು. ಸಭೆ ಇಲ್ಲ, ಆದ್ದರಿಂದ ಸ್ಪೀಕರೂ ಇಲ್ಲ. 2024ರ ನವೆಂಬರ್‌ನಲ್ಲಿ ಅಧ್ಯಕ್ಷರ ಘೋಷಣೆ ಆ ಜಾಗಕ್ಕೆ ವಿಮೋಚನಾ ಸಂಘಟನೆಯ ಸಭೆಯಾದ ಪ್ಯಾಲೆಸ್ಟೀನ್ ರಾಷ್ಟ್ರೀಯ ಮಂಡಳಿಯ ಮುಖ್ಯಸ್ಥರನ್ನು ತಂದಿತು. 2025ರ ಅಕ್ಟೋಬರ್‌ನ ಇನ್ನೊಂದು ಘೋಷಣೆ ಅದನ್ನು ರದ್ದು ಮಾಡಿ ಉಪಾಧ್ಯಕ್ಷ ಹುಸೇನ್ ಅಲ್ ಶೇಖ್ ಅವರನ್ನು ಕೂರಿಸಿತು. ಎರಡಕ್ಕೂ ಅಬ್ಬಾಸ್ ಒಬ್ಬರದೇ ಸಹಿ. ಮಗನನ್ನು ಹುಡುಕಿ ಬಂದ ತಾಯಿಯ ದೂರನ್ನು ಬರೆದುಕೊಳ್ಳುವ ಮೇಜಿಗೂ ಈ ಘೋಷಣೆಗಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ, ಆ ಮೇಜಿನಿಂದ ಹೊರಟ ಪತ್ರಕ್ಕೆ ಉತ್ತರ ಕೊಡಬೇಕಾದ ಗವರ್ನರನ್ನು ನೇಮಿಸುವುದೂ ಅದೇ ಸಹಿ.

ಕೊನೆಯದಾಗಿ ನಮ್ಮ ಅರ್ಜಿದಾರರಿಗೆ ಒಂದು ಸೂಚನೆ. ಪ್ಯಾಲೆಸ್ಟೀನಿನ 32ನೇ ಕಲಂ ಹಕ್ಕುಗಳ ಉಲ್ಲಂಘನೆಯ ಮೊಕದ್ದಮೆಗೆ ಕಾಲಮಿತಿಯೇ ಇಲ್ಲ, ಪರಿಹಾರವನ್ನು ಆಡಳಿತವೇ ಖಾತರಿಪಡಿಸಬೇಕು ಎನ್ನುತ್ತದೆ. ನಮ್ಮ ಕಾಯ್ದೆಯ 36ನೇ ಕಲಂ ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ಮಾಡಬಾರದು ಎನ್ನುತ್ತದೆ. ಹಾಗಾಗಿ ತೀರ್ಥಹಳ್ಳಿಯಿಂದಲೋ ಸೊರಬದಿಂದಲೋ ಅರ್ಜಿ ಬರೆಯುವವರು ಮಳೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ. ಘಟನೆಯ ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರದ ನಕಲು ಲಗತ್ತಿಸಿ, ಸ್ಪೀಡ್ ಪೋಸ್ಟಿನ ರಸೀದಿಯನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.